ಲೈಟ್ ಕಂಬದ ಕೆಳಗೆ, ಐದು ಇಪ್ಪತ್ತಕ್ಕೆ

ನಾಲ್ಕು ತಿಂಗಳು ಒಟ್ಟಿಗೆ ಓಡಿದ ಮೇಲೆ ನನಗೆ ಅವರ ಹೆಸರು ಗೊತ್ತಾಯಿತು. ಅದೂ ರಕ್ತ ಪರೀಕ್ಷೆಯ ಚೀಟಿ ಬರೆಸುವಾಗ. ಅಲ್ಲಿಯವರೆಗೆ ಅವರು ನನ್ನನ್ನು "ಟೀಚರ್ರ" ಅನ್ನುತ್ತಿದ್ದರು, ನಾನು ಅವರನ್ನು "ಅಕ್ಕಾರ" ಅನ್ನುತ್ತಿದ್ದೆ. ನನ್ನ ಫೋನಿನಲ್ಲಿ ಈಗಲೂ ಅವರ ನಂಬರು "ಓಟದ ಅಕ್ಕ" ಅಂತಲೇ ಇದೆ.

ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ, ವಯಸ್ಸು 43. ಮೂರು ವರ್ಷದ ಹಿಂದೆ ಓಡಲು ಶುರು ಮಾಡಿದ್ದು ತೂಕ ಇಳಿಸೋಕೆ. ನಾಲ್ಕು ಕಿಲೋ ಇಳಿಯಿತು, ಎರಡು ಕಿಲೋ ವಾಪಸ್ ಬಂತು. ತೂಕದ ಕಥೆ ಅಷ್ಟೇ.

ನಾನು ಹುಟ್ಟಿ ಬೆಳೆದದ್ದು ಹಳೇ ಊರಲ್ಲಿ. ನಮ್ಮ ಓಣಿಗೆಲ್ಲ ಒಂದೇ ನಳ. ನೀರು ಬರುವ ಹೊತ್ತಿಗೆ ಅವ್ವ ಪಾಳಿಗೆ ಕೊಡ ಇಟ್ಟು ಪಕ್ಕದ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದಳು. ಅವಳ ಗೆಳತಿಯರೆಲ್ಲ ಅಲ್ಲೇ ಸಿಕ್ಕವರು. ಯಾರೂ ಗೆಳೆತನ ಮಾಡೋಣ ಅಂತ ಬಂದವರಲ್ಲ, ನೀರಿಗೆ ಬಂದವರು. ಜಗಳವೂ ಅಲ್ಲೇ, ಹೆಣ್ಣು ನೋಡುವ ಸುದ್ದಿಯೂ ಅಲ್ಲೇ. ಆಮೇಲೆ ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಎದ್ದಿತು. ಸಮುದ್ರ ಮಟ್ಟದಿಂದ 519.6 ಮೀಟರ್ ಎತ್ತರಕ್ಕೆ ನೀರು ನಿಲ್ಲಿಸಿದರೆ ಹಿನ್ನೀರು ಘಟಪ್ರಭೆಯ ಗುಂಟ ನಮ್ಮೂರ ಅಂಚಿಗೇ ಬರುತ್ತದೆ. ಮನೆ ಬಿಟ್ಟವರಿಗೆ ನವನಗರದಲ್ಲಿ ಸೈಟು ಸಿಕ್ಕಿತು. ನಮ್ಮ ಓಣಿಯ ಮಂದಿ ಒಬ್ಬೊಬ್ಬರು ಒಂದೊಂದು ಸೆಕ್ಟರಿನ ಪಾಲಾದರು. ನಾನಾಗ ಕಾಲೇಜಿನಲ್ಲಿದ್ದೆ. ಅಗಲ ರಸ್ತೆ, ಮನೆಗೊಂದು ಗೇಟು, ಒಳಗೇ ನಳ. ನನಗೆ ಬಹಳ ಖುಷಿಯಾಗಿತ್ತು. ಅವ್ವ ಮಾತ್ರ ಒಂದು ಮಾತು ಅಂದಳು: "ಇಲ್ಲೆ ನೀರು ಮನಿಯೊಳಗ ಬರ್ತೈತಿ, ಮಂದಿ ಬರೂದಿಲ್ಲ."

ಆ ಮಾತು ನನಗೆ ಅರ್ಥವಾಗಿದ್ದು ನಲವತ್ತು ದಾಟಿದ ಮೇಲೆ. ಸ್ಟಾಫ್ ರೂಮಿನಲ್ಲಿ ಹನ್ನೆರಡು ಮಂದಿ ಇದ್ದೇವೆ. ಮಾತು ಡಿಎ ಎಷ್ಟು ಏರಿತು, ಪೋರ್ಷನ್ ಎಷ್ಟು ಮುಗಿಯಿತು ಅನ್ನುವುದರ ಆಚೆ ಹೋಗುವುದಿಲ್ಲ. ಗೆಳತಿ ಅಂತ ಕರೆಯಬಹುದಾದವರು ಹುಬ್ಬಳ್ಳಿಯಲ್ಲೊಬ್ಬರು, ಪುಣೆಯಲ್ಲೊಬ್ಬರು. ಇಬ್ಬರದೂ ವರ್ಷಕ್ಕೆರಡು ಫೋನು.

ಇನ್ನು ಅಕ್ಕ. ನಾನು ಓಡಲು ಶುರು ಮಾಡಿದ ಮೂರನೇ ದಿನ ಇರಬೇಕು. ಇನ್ನೂ ಕತ್ತಲು. ಸೆಕ್ಟರಿನ ಮೂಲೆಯಲ್ಲಿ ನಾಲ್ಕು ನಾಯಿ ಬೆನ್ನು ಹತ್ತಿದವು. ನಾನು ಜೀವ ಹಿಡಿದು ಓಡಿದೆ. ಎದುರಿನಿಂದ ಒಂದು ದನಿ: "ಓಡಬ್ಯಾಡ್ರಿ! ನಿಂದರ್ರಿ ಅಲ್ಲೇ!" ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಯಲ್ಲಿ ಬಾರಕೋಲಿನಷ್ಟು ಉದ್ದದ ಕೋಲು ಹಿಡಿದ ಹೆಂಗಸು. ನಿಂತೆ. ನಾಯಿಗಳೂ ನಿಂತವು. ಓಟದಲ್ಲಿ ನನ್ನ ಜೊತೆಯಾದವರು ನನಗೆ ಹೇಳಿದ ಮೊದಲ ಮಾತೇ ಓಡಬೇಡಿ ಅಂತ! ನಾಯಿಯ ಮಟ್ಟಿಗೆ ಅದು ಇವತ್ತಿಗೂ ಸರಿಯಾದ ಸಲಹೆ. ಬೆನ್ನು ತೋರಿಸಬಾರದು, ನಿಂತು ಸಾವಕಾಶ ನಡೆದು ದಾಟಬೇಕು.

ಅವರು ಖಡಕ್ ರೊಟ್ಟಿ ಮಾಡಿ ಮಾರುತ್ತಾರೆ. ಆರೂ ಮುಕ್ಕಾಲಿಗೆ ಹಂಚು ಕಾಯಬೇಕು. ಅದಕ್ಕೂ ಮೊದಲಿನ ಒಂದು ತಾಸು ಮಾತ್ರ ಅವರದು. ಸಕ್ಕರೆ ಕಾಯಿಲೆ ಬರುವ ಲಕ್ಷಣ ಇದೆ, ನಡೀರಿ ಅಂತ ಯಾರೋ ಡಾಕ್ಟರು ಹೇಳಿದ್ದರಂತೆ. "ನಾಳಿಂದ ಕೂಡೇ ಹೋಗೂಣೇನ್ರಿ? ಕೋಲು ನನ್ನ ಕಡೆ ಐತಿ" ಅಂದರು. ಹಾಗೆ ಶುರುವಾಯಿತು.

ವಾಚು ನೋಡಿ ಓಡುವುದು ಇಬ್ಬರಿಗೂ ಬರಲಿಲ್ಲ. ಲೈಟ್ ಕಂಬ ಎಣಿಸಿದೆವು. ಒಂದು ಕಂಬದವರೆಗೆ ಓಟ, ಮುಂದಿನ ಎರಡಕ್ಕೆ ನಡಿಗೆ. ಮೈ ಒಗ್ಗಿದ ಹಾಗೆ ಓಟಕ್ಕೆ ಕಂಬ ಜಾಸ್ತಿ. ಐದನೇ ತಿಂಗಳಿಗೆ ಎರಡು ಕಿಲೋಮೀಟರ್ ನಿಲ್ಲದೆ ಓಡುವುದು ನಮ್ಮ ಗುರಿ. ವೇಗದ ಅಳತೆ ಒಂದೇ: ಓಡುತ್ತ ಒಂದು ಪೂರ್ತಿ ವಾಕ್ಯ ಹೇಳಲು ಆಗಬೇಕು. ನಡುವೆ ಉಸಿರು ಕಟ್ಟಿದರೆ ಜೋರಾಯಿತು ಅಂತ ಲೆಕ್ಕ. ಕೋಚುಗಳೂ ಹೊಸಬರಿಗೆ ಇದನ್ನೇ ಹೇಳುತ್ತಾರೆ. ನಮಗೆ ಅದರಿಂದ ಇನ್ನೊಂದು ಲಾಭವಾಯಿತು, ಮಾತಾಡಲೇಬೇಕಾಯಿತು.

ಅಕ್ಕ ಚಪ್ಪಲಿಯಲ್ಲಿ ಓಡುತ್ತಿದ್ದರು. ಆಮೇಲೆ ಮಗನ ಹಳೇ ಬೂಟು. ತಿಂಗಳಾದ ಮೇಲೆ ಸಂಜೆ ಹೊತ್ತು ಅಂಗಡಿಗೆ ಹೋಗಿ ಅವರ ಅಳತೆಯ ಜೋಡಿ ತಂದೆವು. ಸಂಜೆ ಯಾಕಂದರೆ ದಿನವಿಡೀ ನಿಂತ ಕಾಲು ಆಗ ಸ್ವಲ್ಪ ಬಾತಿರುತ್ತದೆ. ಬೂಟಿನ ತುದಿಯಲ್ಲಿ ಒಂದು ಹೆಬ್ಬೆರಳಿನಷ್ಟು ಜಾಗ ಉಳಿಯಬೇಕು. ಸೀರೆ ಚೂಡಿಯಾಯಿತು, ಚೂಡಿ ಟ್ರ್ಯಾಕ್ ಪ್ಯಾಂಟ್ ಆಯಿತು. ಹಾಲಿನವನು ದಿನಾ ಕೇಳುತ್ತಿದ್ದ, "ಯಾರ ಬೆನ್ನ ಹತ್ಯಾರ್ರಿ ಅಕ್ಕಾರ?" ಅಕ್ಕ ಒಂದು ದಿನ "ನಿನ್ನ ಹಾಲಿನ ಬಾಕಿ" ಅಂದರು. ಅಂದಿನಿಂದ ಕೇಳುವುದು ಬಿಟ್ಟ.

ಪಕ್ಕಪಕ್ಕದಲ್ಲಿ ಓಡುವಾಗ ಮುಖ ನೋಡುವ ಕೆಲಸ ಇಲ್ಲ. ಇಬ್ಬರ ಕಣ್ಣೂ ರಸ್ತೆಯ ಮೇಲೆ. ಎದುರು ಕೂತು ಚಹಾ ಕುಡಿಯುತ್ತ ಆಡಲಾಗದ ಮಾತು ಆ ಕತ್ತಲಲ್ಲಿ ಸಲೀಸಾಗಿ ಬರುತ್ತದೆ. ಮಹಿಳಾ ಸಂಘದ ಸಾಲದ ಎರಡು ಕಂತು ಕಟ್ಟದೆ ಉಳಿದಿದ್ದನ್ನು ಅವರು ಮನೆಯಲ್ಲಿ ಹೇಳಿರಲಿಲ್ಲ, ನನಗೆ ಹೇಳಿದರು. ನಾನು ಅಣ್ಣನ ಜೊತೆ ಆರು ವರ್ಷದಿಂದ ಮಾತಾಡಿಲ್ಲ ಅಂದೆ. ಅವರು "ಹ್ಞೂಂ" ಅಂದರು. ಒಂದು ಕಂಬ ದಾಟಿತು. ಇನ್ನೊಂದು ಕಂಬ ದಾಟಿತು. ಬೇರೆ ಏನೂ ಹೇಳಲಿಲ್ಲ. ಬುದ್ಧಿ ಹೇಳದವರು ಸಿಗೋದು ಕಷ್ಟ ಅಲ್ವಾ?

ಆಮೇಲೆ ನನ್ನ ತಪ್ಪು. ಬೇರೆ ಊರಲ್ಲಿ 10 ಕಿಲೋಮೀಟರ್ ಓಟ ಇದೆ ಅಂತ ತಿಳಿದು ಇಬ್ಬರ ಹೆಸರನ್ನೂ ಬರೆಸಿಬಿಟ್ಟೆ. ಕೈಯಲ್ಲಿದ್ದದ್ದು ಆರು ವಾರ. ದಿನಾ ಎಳೆಯತೊಡಗಿದೆ. ಅಕ್ಕ ಹಿಂದೆ ಬೀಳುತ್ತಿದ್ದರು. "ಎದಿ ಹಿಡದಂಗ ಆಗ್ತೈತ್ರಿ, ಸಾವಕಾಶ ಹೋಗೂಣು" ಅಂದರೆ ನನಗೆ ಸಿಟ್ಟು. ಮನಸ್ಸಿಲ್ಲ, ಅದಕ್ಕೇ ನೆವ ಹೇಳ್ತಾರೆ ಅಂದುಕೊಂಡೆ. ಒಂದು ಬೆಳಿಗ್ಗೆ ಅವರನ್ನು ಬಿಟ್ಟು ಮುಂದೆ ಓಡಿದೆ. ಮರುದಿನ ಕಂಬದ ಕೆಳಗೆ ಯಾರೂ ಇರಲಿಲ್ಲ. ಅದರ ಮರುದಿನವೂ ಇಲ್ಲ.

ಮೂರನೇ ದಿನ ಮನೆ ಹುಡುಕಿಕೊಂಡು ಹೋದೆ. ಅಕ್ಕ ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ಕೂತಿದ್ದರು. ಕಲ್ಲು ತೆಗೆದು ಆಚೆ ಹಾಕೋರು, ನಾಲ್ಕು ಕಾಳು ಹಸಿ ಅಕ್ಕಿ ಬಾಯಿಗೆ ಹಾಕಿಕೊಳ್ಳೋರು. ಮಾತಿನ ನಡುವೆ ಮತ್ತೆ ನಾಲ್ಕು ಕಾಳು. ಮತ್ತೆ. ಹಿಂದೆ ನನ್ನ ತಂಗಿ ಬಸುರಿಯಿದ್ದಾಗ ಹೀಗೇ ಹಸಿ ಅಕ್ಕಿ ತಿನ್ನುತ್ತಿದ್ದಳು. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾದರೆ ಕೆಲವರಿಗೆ ಅಕ್ಕಿ, ಮಣ್ಣು ತಿನ್ನುವ ಚಟ ಹತ್ತುತ್ತದೆ ಅಂತ ಆಗ ಡಾಕ್ಟರು ಹೇಳಿದ್ದರು. ಕೆಳಗಿನ ರೆಪ್ಪೆ ಎಳೆದು ನೋಡಿದೆ. ಒಳಗೆ ಕೆಂಪೇ ಇಲ್ಲ.

ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 7.9 ಬಂತು. ಹೆಂಗಸರಿಗೆ 12 ಆದರೂ ಇರಬೇಕು. ರಕ್ತವೇ ಇಲ್ಲದ ಮೈಯನ್ನು ನಾನು ಸೋಮಾರಿ ಮೈ ಅಂದುಕೊಂಡಿದ್ದೆ. ತಪ್ಪಾಯಿತು ಅಂದೆ. "ನನಗರ ಎಲ್ಲಿ ಗೊತ್ತಿತ್ತ್ರಿ ಟೀಚರ್ರ" ಅಂದರು.

ಗುಳಿಗೆ ಕೊಟ್ಟರು. ಅಕ್ಕ ಅದನ್ನು ಚಹಾದ ಜೊತೆ ನುಂಗುತ್ತಿದ್ದರು. ಚಹಾ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ತಾಸು ಹಿಂದೆ ಮುಂದೆ ಚಹಾ ಬೇಡ, ಬೇಕಾದರೆ ಲಿಂಬು ಪಾನಕದ ಜೊತೆ ತಗೊಳ್ಳಿ ಅಂತ ನರ್ಸಮ್ಮ ತಿಳಿಸಿ ಹೇಳಿದರು. ನನ್ನ ಪಾಲಿಗೂ ಶಿಕ್ಷೆ ಬಂತು. ಎಳೆದಾಡಿ ಓಡಿದ್ದಕ್ಕೆ ಮೊಣಕಾಲ ಕೆಳಗಿನ ಎಲುಬಿನ ಗುಂಟ ನೋವು. 10 ಕಿಲೋಮೀಟರ್ ಓಟಕ್ಕೆ ಇಬ್ಬರೂ ಹೋಗಲಿಲ್ಲ, ಕಟ್ಟಿದ ದುಡ್ಡು ಹೋಯಿತು. ಮೂರು ತಿಂಗಳು ಸುಮ್ನೆ ನಡೆದೆವು. ನಾನು ಕುಂಟುತ್ತ, ಅವರು ತೇಕುತ್ತ.

ಗಣಿತದವಳಲ್ವಾ, ಒಂದು ಲೆಕ್ಕ ಹೇಳಿಬಿಡುತ್ತೇನೆ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅನ್ನುವವರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬರೀ ಪರಿಚಯ ದಾಟಿ ಗೆಳೆತನದ ಹೊಸ್ತಿಲಿಗೆ ಬರಲು ಸುಮಾರು 50 ತಾಸು ಒಟ್ಟಿಗೆ ಕಳೆಯಬೇಕಂತೆ. ಆಪ್ತರಾಗಲು 200 ತಾಸಿಗೂ ಜಾಸ್ತಿ. ನಾವು ವಾರಕ್ಕೆ ನಾಲ್ಕು ದಿನ, ದಿನಕ್ಕೆ 50 ನಿಮಿಷ. 200 ತಾಸಿಗೆ 60 ವಾರ. ರಕ್ತ ಪರೀಕ್ಷೆಯ ಹೊತ್ತಿಗೆ ನಮ್ಮದು 57 ತಾಸು ಅಷ್ಟೇ ಆಗಿತ್ತು. ಇದನ್ನೆಲ್ಲ ಉತ್ಸಾಹದಿಂದ ವಿವರಿಸಿದರೆ ಅಕ್ಕ, "ಇದನ್ನ ಎಣಿಸಾಕ ಅವರಿಗೆ ಎಷ್ಟು ತಾಸು ಹಿಡೀತ್ರಿ?" ಅಂದರು.

ನಡುವೆ ಒಮ್ಮೆ ನಾವು ಹನ್ನೊಂದು ಮಂದಿ ಆಗಿದ್ದೆವು. ಗ್ರೂಪ್ ಮಾಡಿ, ಟೀ ಶರ್ಟಿನ ಬಣ್ಣ ಯಾವುದು ಅಂತ ಎರಡು ವಾರ ಚರ್ಚೆಯಾಯಿತು. ಫೋಟೋ ಜಾಸ್ತಿ, ಓಟ ಕಡಿಮೆ. ಹೋಳಿಯ ಹಲಗೆ ಸದ್ದು ಶುರುವಾಗುವ ಹೊತ್ತಿಗೆ ಅದು ಕರಗಿತು. ನಮ್ಮೂರಲ್ಲಿ ಹೋಳಿ ಅಂದರೆ ಒಂದು ದಿನದ ಮಾತಲ್ಲ, ಆ ದಿನಗಳಲ್ಲಿ ನಾವಿಬ್ಬರೂ ಓಡುವುದಿಲ್ಲ. ಬಣ್ಣ ಮುಗಿದ ಮರುದಿನ ಕಂಬದ ಕೆಳಗೆ ಇದ್ದದ್ದು ಅಕ್ಕ ಮತ್ತು ನಾನು. ನಮ್ಮ ನಿಯಮ ಒಂದೇ: ಬರೋದಿಲ್ಲ ಅಂದರೆ ರಾತ್ರಿ ಒಂಬತ್ತರೊಳಗೆ ಹೇಳಬೇಕು. ಹೇಳದೆ ಇದ್ದರೆ ಅಲ್ಲಿ ಒಬ್ಬರು ನಿಂತಿರುತ್ತಾರೆ ಅಂತ ಅರ್ಥ. ಹಾಸಿಗೆಯಿಂದ ನನ್ನನ್ನು ಎಬ್ಬಿಸುವುದು ಆರೋಗ್ಯದ ಚಿಂತೆ ಅಲ್ಲ. ಆ ಹೆಂಗಸು ಕೋಲು ಹಿಡಿದು ಕತ್ತಲಲ್ಲಿ ಒಬ್ಬಳೇ ನಿಂತಿರುತ್ತಾಳಲ್ಲ ಅನ್ನುವುದು.

ಹೋದ ಬೇಸಿಗೆಯಲ್ಲಿ ಅವ್ವನ ನಳದ ಕಥೆ ಅಕ್ಕನಿಗೆ ಹೇಳಿದೆ. ಪಾಳಿಯಲ್ಲಿ ಅವ್ವನ ಮುಂದೆ ಸದಾ ಕೊಡ ಇಡುತ್ತಿದ್ದ ಗೆಳತಿಯ ಹೆಸರು, ಮನೆತನ ಎಲ್ಲ. ಅಕ್ಕ ಓಡುವುದು ನಿಲ್ಲಿಸಿದರು. "ತಡೀರಿ, ಅವರ ಮನಿಗೆ ನಾ ವಾರಕ್ಕ ಇಪ್ಪತ್ತು ರೊಟ್ಟಿ ಕೊಡ್ತೀನಿ!" ನಮ್ಮ ಮನೆಯಿಂದ ಎರಡೂವರೆ ಕಿಲೋಮೀಟರ್. ಇಷ್ಟು ವರ್ಷ ಇಬ್ಬರೂ ಅಷ್ಟು ಹತ್ತಿರ ಇದ್ದರು. ಇಬ್ಬರಿಗೂ ಈಗ ಮೊಣಕಾಲು ನೋವು, ಅಷ್ಟು ದೂರ ನಡೆಯಲಾಗದು. ತಿಂಗಳಿಗೊಮ್ಮೆ ಅವ್ವನನ್ನು ಆಟೋದಲ್ಲಿ ಕರೆದುಕೊಂಡು ಹೋಗುತ್ತೇನೆ. ಉಳಿದ ಭಾನುವಾರ ನಮ್ಮ ಉದ್ದ ಓಟದ ದಾರಿ ಆ ಗೇಟಿನ ಮುಂದೆ. ಸೊಂಟದ ಚೀಲದಲ್ಲಿ ಅವ್ವ ಕೊಟ್ಟ ಗುರೆಳ್ಳು ಚಟ್ನಿಯ ಪೊಟ್ಟಣ. ಕಳೆದ ವಾರ ಆ ಅಜ್ಜಿ ಗೇಟಿನಿಂದಲೇ ಕೂಗಿ ಹೇಳಿದರು: "ಉಪ್ಪು ಕಮ್ಮಿ ಆಗೈತಿ ಅಂತ ನಿಮ್ಮವ್ವಗ ಹೇಳು. ಮೊದಲಿಂದನೂ ಅಕಿ ಕೈ ಹಂಗ."

ಅವ್ವನಿಗೆ ಹೇಳಿದೆ. ಈ ಭಾನುವಾರದ ಪೊಟ್ಟಣ ಈಗಾಗಲೇ ಕಟ್ಟಿಟ್ಟಿದ್ದಾಳೆ, ಉಪ್ಪಿನದೇ ಒಂದು ಸಣ್ಣ ಪೊಟ್ಟಣ ಬೇರೆ.