ಮನೆಗೆಲಸ ವ್ಯಾಯಾಮದ ಲೆಕ್ಕಕ್ಕೆ ಬರುತ್ತದಾ?

ಬರುತ್ತದೆ, ಆದರೆ ಎಲ್ಲಾ ಕೆಲಸವೂ ಅಲ್ಲ. ಮಾಡುವಾಗ ಉಸಿರು ಸ್ವಲ್ಪ ಜೋರಾಗಬೇಕು. ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಅಷ್ಟಾದರೆ ಅದು ಬಿರುಸು ನಡಿಗೆಗೆ ಸಮ. ಕಡ್ಡಿ ಪೊರಕೆಯಲ್ಲಿ ಅಂಗಳವನ್ನು ರಭಸವಾಗಿ ಗುಡಿಸುವುದು, ಗುದ್ದಲಿಯಲ್ಲಿ ಪಾತಿ ಅಗೆಯುವುದು, ಕಂಬಳಿ ಒಗೆದು ಹಿಂಡುವುದು ಸೇರುತ್ತವೆ. ತರಕಾರಿ ಹೆಚ್ಚುವುದು, ಬಟ್ಟೆ ಮಡಚುವುದು ಸೇರುವುದಿಲ್ಲ. ಸುಮ್ನೆ ಕೂರುವುದಕ್ಕಿಂತ ಒಳ್ಳೆಯದೇ, ಆದರೆ ಹೃದಯಕ್ಕೆ ಅಷ್ಟು ಸಾಲದು.

ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಇಂಥ ಶ್ರಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಒಂದೇ ಸಲಕ್ಕೆ ಆಗಬೇಕಿಲ್ಲ, ಐದು ನಿಮಿಷ ಗುಡಿಸಿದ್ದೂ ಸೇರುತ್ತದೆ. ‘ದಿನವಿಡೀ ದುಡಿಯುತ್ತೀನಿ, ವಾಕಿಂಗ್ ಯಾಕೆ?’ ಎನ್ನುವ ಅಕ್ಕಂದಿರು ಒಂದು ದಿನ ಗಡಿಯಾರ ನೋಡಿಕೊಳ್ಳಿ. ದಣಿವು ಜಾಸ್ತಿ ಇರುತ್ತದೆ, ಉಸಿರು ಜೋರಾದ ಹೊತ್ತು ಕಡಿಮೆ ಇರುತ್ತದೆ. ಕಡಿಮೆ ಬಿದ್ದಷ್ಟನ್ನು ನಡೆದು ತುಂಬಿಸಿ.

ಇನ್ನೊಂದು ಮಾತು. ವಾರಕ್ಕೆ ಎರಡು ದಿನವಾದರೂ ಕೈಕಾಲು, ಬೆನ್ನಿನ ಸ್ನಾಯುಗಳಿಗೆ ಭಾರದ ಕೆಲಸ ಬೇಕು. ತುಂಬಿದ ಕೊಡ, ಗೊಬ್ಬರದ ಬುಟ್ಟಿ ಎತ್ತುವುದು ಅದಕ್ಕೆ ಒದಗುತ್ತದೆ. ಆದರೆ ಸೊಂಟ ಬಗ್ಗಿಸಿ ಎತ್ತಬೇಡಿ. ಮಂಡಿ ಮಡಚಿ ಕೂತು, ಭಾರವನ್ನು ಮೈಗೆ ಒತ್ತಿ ಹಿಡಿದು, ಕಾಲಿನ ಬಲದಲ್ಲಿ ಏಳಿ.