ಲೋಕಲ್ ರೈಲಿನ ಬದುಕು ದಾಖಲಿಸಬೇಕೇ? ಕ್ಯಾಮೆರಾ ಆಮೇಲೆ

ಮುಂಬೈ ಲೋಕಲ್ ಬಗ್ಗೆ ಫೋಟೊ ಸರಣಿ ಮಾಡುತ್ತೇನೆ ಎಂದು ಹೊರಟವರೆಲ್ಲ ಒಂದೇ ಚಿತ್ರ ಹಿಡಿದು ಬರುತ್ತಾರೆ: ಬಾಗಿಲಲ್ಲಿ ಜೋತುಬಿದ್ದ ಜನ. ಅವರು ಯಾರು, ಎಲ್ಲಿ ಇಳಿದರು ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ.

ಮೊದಲು ಪಾಸ್ ಮಾಡಿಸಿ. ಇಡೀ ಮುಂಬೈ ಬೇಡ, ಸೆಂಟ್ರಲ್ ಲೈನಿನಲ್ಲಿ ಮಾಟುಂಗಾದಿಂದ ಡೊಂಬಿವಲಿವರೆಗೆ ಸಾಕು. 1853ರಲ್ಲಿ ಬೋರಿಬಂದರ್‌ನಿಂದ ಠಾಣೆಗೆ ಮೊದಲ ರೈಲು ಓಡಿದ್ದು ಈ ಹಾದಿಯಲ್ಲೇ. ಮಾಟುಂಗಾದಲ್ಲಿ ಇಳಿದರೆ ಹೂವಿನ ಅಂಗಡಿಗಳಿವೆ, ಇಡ್ಲಿ-ಕಾಫಿ ಇದೆ, 1926ರಲ್ಲಿ ಶುರುವಾದ ನಮ್ಮ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್ ಇದೆ. ಎಲ್ಲ ನಿಲ್ದಾಣದಲ್ಲೂ ನಿಲ್ಲುವ ಸ್ಲೋ ಲೋಕಲ್ ಹತ್ತಿ.

ಈಗ ಬಹಳ ಜನ ಎಡವುವ ಹಂತ. ದಿನಾ ಅದೇ ಗಾಡಿ, ಅದೇ ಡಬ್ಬಿ ಹತ್ತಿ. ಇಲ್ಲಿ ಜನ ಗಾಡಿಯನ್ನು ಅದು ಹೊರಡುವ ಸಮಯದ ಹೆಸರಿನಲ್ಲೇ ಕರೆಯುತ್ತಾರೆ, ಒಂದೇ ಡಬ್ಬಿಯವರು ಒಂದು ಗುಂಪಾಗಿರುತ್ತಾರೆ. ಮೊದಲ ವಾರ ಕ್ಯಾಮೆರಾ ಚೀಲದಲ್ಲೇ ಇರಲಿ. ಮೂವರ ಬೆಂಚಿನಲ್ಲಿ ನಾಲ್ಕನೆಯವರಿಗೆ ಯಾರು ಸರಿದು ಜಾಗ ಕೊಡುತ್ತಾರೆ, ಭಜನೆಗೆ ತಾಳ ತರುವವರು ಯಾರು, ‘ಎಲ್ಲಿ ಇಳೀತೀರಿ?’ ಎಂದು ಕೇಳಿ ಸೀಟು ಗೊತ್ತುಮಾಡಿಕೊಳ್ಳುವವರು ಯಾರು, ಸುಮ್ನೆ ನೋಡಿ. ಅವರೇ ನಿಮ್ಮನ್ನು ಮಾತಾಡಿಸುತ್ತಾರೆ. ಆಗ ಊರು ಕೇಳಿ, ಕೆಲಸ ಕೇಳಿ, ಸಂಬಳ ಕೇಳಬೇಡಿ. ಫೋಟೊಗೆ ಒಪ್ಪಿಗೆ ಬಾಯಿಬಿಟ್ಟು ಕೇಳಬೇಕು, ನಕ್ಕರೆ ಒಪ್ಪಿದಂತಲ್ಲ. ಹೆಂಗಸರ ಡಬ್ಬಿಯ ಕಥೆಯನ್ನು ಹೆಂಗಸರೇ ಮಾಡಲಿ. ಗಂಡಸರು ಪ್ಲಾಟ್‌ಫಾರಂನಿಂದ ಕಿಟಕಿಯೊಳಗೆ ಕ್ಲಿಕ್ಕಿಸುವುದು ಕೆಟ್ಟ ಚಾಳಿ.

ಮಾತನ್ನು ರೆಕಾರ್ಡ್ ಮಾಡಲು ಹೋಗಬೇಡಿ, ಫ್ಯಾನು ಮತ್ತು ಹಳಿಯ ಸದ್ದು ಬಿಟ್ಟು ಬೇರೇನೂ ಕೇಳಿಸದು. ಇಳಿದ ತಕ್ಷಣ ಪ್ಲಾಟ್‌ಫಾರಂ ಬೆಂಚಿನಲ್ಲಿ ಕೂತು ಅವರು ಆಡಿದ ಮಾತಿನಲ್ಲೇ ಬರೆಯಿರಿ. ಹಿಂದಿ, ಮರಾಠಿ, ತುಳು ಎಲ್ಲ ಬೆರೆತಿದ್ದರೆ ಬೆರೆತೇ ಇರಲಿ. ಫೋಟೊ ನಂಬರಿನ ಎದುರು ಹೆಸರು, ನಿಲ್ದಾಣ, ತಾರೀಖು ಅಂದೇ ಬರಬೇಕು. ‘ನಾಳೆ ಬರೀತೀನಿ’ ಅಂದವರ ಹಾರ್ಡ್ ಡಿಸ್ಕ್ ತುಂಬ ಅನಾಮಧೇಯರೇ, ಅಲ್ವಾ?

ಕ್ಯಾಮೆರಾ ಯಾವುದಾದರೂ ನಡೆಯುತ್ತದೆ, ಫೋನೂ ಆದೀತು. ಫೋನಿಗೆ ಕ್ಲಿಪ್ ಹಾಕುವ ಅಗ್ಗದ ಲೆನ್ಸ್ ಮಾತ್ರ ಬೇಡ, ಅಂಚಿನಲ್ಲಿ ಮುಖಗಳೆಲ್ಲ ಸೊಟ್ಟಗಾಗುತ್ತವೆ. ಮುಖ ಬೆಳ್ಳಗಾಗಿಸುವ ಬ್ಯೂಟಿ ಮೋಡ್ ಆಫ್ ಮಾಡಿ. ಬಾಗಿಲಿಗೆ ಜೋತು, ಹಳಿಗಿಳಿದು ತೆಗೆಯುವ ಸಾಹಸವೂ ಬೇಡ. ಹಳಿ ದಾಟುವುದು ಅಪರಾಧ. ಜಾಹೀರಾತಿಗೋ ಮಾರಾಟಕ್ಕೋ ಆದರೆ ರೈಲ್ವೆಯ ಅನುಮತಿ ಮೊದಲೇ ಪಡೆಯಿರಿ.

ದಸರೆಗೆ ಡಬ್ಬಿಗೆ ತೋರಣ ಕಟ್ಟಿ ಪೂಜೆ ಮಾಡುವ ದಿನ ತಪ್ಪಿಸಬೇಡಿ. ಅಂದು ಎಲ್ಲರೂ ಕರೆದು ಫೋಟೊ ತೆಗೆಸಿಕೊಳ್ಳುತ್ತಾರೆ. ವಾಟ್ಸ್ಯಾಪಿನಲ್ಲಿ ಕಳಿಸಿ ಕೈತೊಳೆದುಕೊಳ್ಳದೆ, ಪ್ರಿಂಟ್ ಹಾಕಿಸಿ ಅದೇ ಗಾಡಿಯಲ್ಲಿ ಹಂಚಿ.