ನಾಮಜಪ: ಕೂರುವ ಕ್ರಮ, ಕೆಡುವ ಕ್ರಮ

ಅನುಭಾವದ ಬಗ್ಗೆ ಓದುವವರು ಸಾಮಾನ್ಯವಾಗಿ ಕೊನೆಯ ಪುಟದಿಂದ ಶುರು ಮಾಡುತ್ತಾರೆ. ಬೆಳಕು ಕಂಡಿತಂತೆ, ‘ನಾನು’ ಎಂಬುದು ಕರಗಿತಂತೆ. ನನ್ನ ಕೈಗೆ ಉಪಯೋಗಕ್ಕೆ ಬಂದದ್ದು ಮೊದಲ ಪುಟ: ಹೇಗೆ ಕೂರಬೇಕು, ಏನನ್ನು ಎಷ್ಟು ಸಲ ಹೇಳಬೇಕು, ಉಸಿರನ್ನು ಏನು ಮಾಡಬೇಕು. ಇಷ್ಟರ ಮಟ್ಟಿಗೆ ಗ್ರೀಸಿನ ಅಥೋಸ್ ಬೆಟ್ಟದ ಕ್ರೈಸ್ತ ಸನ್ಯಾಸಿಗಳು, ಸೂಫಿಗಳು, ಅಮಿದ ಬುದ್ಧನ ನಾಮ ಹೇಳುವ ಜಪಾನಿನ ಶುದ್ಧಭೂಮಿ ಪಂಥದ ಬೌದ್ಧರು, ಜಪಮಾಲೆ ಹಿಡಿದವರು ಎಲ್ಲರೂ ಪಕ್ಕಪಕ್ಕದ ಮನೆಯವರೇ. ಕೊನೆಗೆ ಎಲ್ಲಿಗೆ ಹೋಗಿ ಮುಟ್ಟುತ್ತಾರೆ ಎನ್ನುವುದರಲ್ಲಿ ಒಬ್ಬರಿಗೊಬ್ಬರು ಒಪ್ಪುವುದಿಲ್ಲ. ಅದನ್ನು ಒಂದೇ ಎಂದು ಕಲಸಿಬಿಡುವುದು ನನಗೂ ಇಷ್ಟವಿಲ್ಲ.

ಮೊದಲು ನಾಮ. ಚಿಕ್ಕದಾದಷ್ಟೂ ಒಳ್ಳೆಯದು. 14ನೇ ಶತಮಾನದ ಇಂಗ್ಲೆಂಡಿನಲ್ಲಿ ಹೆಸರು ಹೇಳಿಕೊಳ್ಳದೆ ಬರೆದ ಗುರುವೊಬ್ಬ ಒಂದೇ ಉಲಿಯ ಪದ ಸಾಕು ಎಂದ. ಅಥೋಸಿನವರ ಯೇಸುಪ್ರಾರ್ಥನೆ ಇದಕ್ಕಿಂತ ಉದ್ದ: ‘ಪ್ರಭು ಯೇಸು ಕ್ರಿಸ್ತನೇ, ದೇವಪುತ್ರನೇ’ ಎಂದು ಉಸಿರು ಒಳಗೆ, ‘ಪಾಪಿಯಾದ ನನ್ನನ್ನು ಕರುಣಿಸು’ ಎಂದು ಹೊರಗೆ. ಯಾವುದನ್ನೇ ಹಿಡಿಯಿರಿ, ಕನಿಷ್ಠ ಮೂರು ತಿಂಗಳು ಬದಲಿಸಬೇಡಿ. ಎರಡನೇ ವಾರದಲ್ಲಿ ಬೇಸರ ಬಂದಾಗ ‘ಈ ನಾಮ ನನಗೆ ಹೊಂದಲಿಲ್ಲ’ ಅನ್ನಿಸುತ್ತದೆ. ನಾಮ ಬದಲಿಸಿದರೆ ಆ ಬೇಸರ ಹೊಸ ನಾಮದ ಎರಡನೇ ವಾರಕ್ಕೆ ಕಾದಿರುತ್ತದೆ.

ಎಣಿಕೆಗೆ ಮಣಿ. ಜಪಮಾಲೆಯಲ್ಲಿ 108, ಬೌದ್ಧರ ಮಾಲೆಯಲ್ಲೂ 108, ಮುಸ್ಲಿಮರ ಮಣಿಸರವಾದ ತಸ್ಬೀಹಿನಲ್ಲಿ 99 ಅಥವಾ 33, ಅಥೋಸಿನವರಂಥ ಆರ್ಥೊಡಾಕ್ಸ್ ಕ್ರೈಸ್ತ ಸನ್ಯಾಸಿಗಳ ಉಣ್ಣೆಯ ದಾರದಲ್ಲಿ 33, 50 ಅಥವಾ 100 ಗಂಟು. ಜಪಮಾಲೆಯಾದರೆ ನಡುಬೆರಳ ಮೇಲೆ ಮಣಿ, ಹೆಬ್ಬೆರಳಿನಿಂದ ತನ್ನ ಕಡೆಗೆ ಎಳೆಯುವುದು, ತೋರುಬೆರಳು ದೂರ. ಮೇರುಮಣಿ ಬಂದಾಗ ದಾಟದೆ ಮಾಲೆ ತಿರುಗಿಸಿ ವಾಪಸು. ಇದಕ್ಕೆ ಶಾಸ್ತ್ರ ಏನೇ ಕಾರಣ ಹೇಳಲಿ, ನಾನು ಕಂಡ ಲಾಭ ಬೇರೆ: ತಿರುಗಿಸುವಾಗ ಕೈ ಒಮ್ಮೆ ಎಚ್ಚರವಾಗಲೇಬೇಕು. ಮಂಪರು ಅಲ್ಲಿ ಸಿಕ್ಕಿಬೀಳುತ್ತದೆ.

ವೇಗಕ್ಕೊಂದು ಲೆಕ್ಕ ಇದೆ. ಸುಮ್ಮನೆ ಕೂತವರ ಉಸಿರು ನಿಮಿಷಕ್ಕೆ 12ರಿಂದ 15. ಉಸಿರಿಗೊಂದು ನಾಮವಾದರೆ 108ಕ್ಕೆ 7ರಿಂದ 9 ನಿಮಿಷ. ಮೂರು ಸುತ್ತಿಗೆ ಹೆಚ್ಚುಕಡಿಮೆ 25 ನಿಮಿಷ. ದಿನಕ್ಕೊಂದು ಸಲ ಇಷ್ಟು ಸಾಕು. ಒಂದು ಸುತ್ತು ಮೂರೇ ನಿಮಿಷಕ್ಕೆ ಮುಗಿಯಿತೆಂದರೆ ನಾಲಗೆ ಓಡುತ್ತಿದೆ, ಮನಸ್ಸು ಎಲ್ಲೋ ಇದೆ. ಜಪಾನಿನ ಶುದ್ಧಭೂಮಿ ಗುರು ಹೊನೆನ್ (1133–1212) ದಿನಕ್ಕೆ 60,000 ಸಲ ಅಮಿದ ಬುದ್ಧನ ನಾಮ ಹೇಳುತ್ತಿದ್ದರು ಎಂದು ಅವರ ಚರಿತ್ರೆಗಳಲ್ಲಿದೆ. ಅವರ ಶಿಷ್ಯ ಶಿನ್ರಾನ್ ಎಣಿಕೆಯ ಮೇಲಿನ ಒತ್ತನ್ನೇ ತೆಗೆದು, ನಾಮವೆಂದರೆ ಕೃತಜ್ಞತೆ ಎಂದರು. ಸಂಖ್ಯೆ ಜಂಬಕ್ಕೆ ತಿರುಗುತ್ತಿದೆ ಅನ್ನಿಸಿದ ವಾರ ಮಾಲೆ ಬದಿಗಿಟ್ಟು ಗಡಿಯಾರ ಮಾತ್ರ ಇಟ್ಟುಕೊಳ್ಳುವುದು ನನ್ನ ಕ್ರಮ.

ಹೇಳುವ ಬಗೆ ಮೂರು: ಕೇಳುವಂತೆ ಹೇಳುವ ವಾಚಿಕ, ತುಟಿ ಮಾತ್ರ ಆಡುವ ಉಪಾಂಶು, ಒಳಗೇ ನಡೆಯುವ ಮಾನಸ. ಯೇಸುಪ್ರಾರ್ಥನೆಯವರು ಬಾಯಿ, ಬುದ್ಧಿ, ಹೃದಯ ಎನ್ನುತ್ತಾರೆ. ಸೂಫಿಗಳಲ್ಲೂ ಜಿಕ್ರ್ ಅಂದರೆ ದೇವರ ನಾಮಸ್ಮರಣೆಯಲ್ಲಿ ನಾಲಗೆಯದು, ಹೃದಯದ್ದು ಎಂಬ ಭೇದವಿದೆ. ಮಾನಸವೇ ಮೇಲು ಎಂದು ಓದಿಕೊಂಡು ನೇರ ಅಲ್ಲಿಗೆ ಹಾರಿದವರು ಹತ್ತು ನಿಮಿಷಕ್ಕೆ ತೂಕಡಿಸುತ್ತಾರೆ. ಮೊದಲ ಸುತ್ತು ವಾಚಿಕ, ಎರಡನೆಯದು ಉಪಾಂಶು, ಮೂರನೆಯದು ಮಾನಸ. ಮನಸ್ಸು ಜಾರಿದರೆ ಒಂದು ಮೆಟ್ಟಿಲು ಕೆಳಗಿಳಿಯುವುದು. ಉಸಿರೆಣಿಕೆ ಮಾಡುವವರಿಗೆ 5ನೇ ಶತಮಾನದ ಬೌದ್ಧ ವ್ಯಾಖ್ಯಾನಕಾರ ಬುದ್ಧಘೋಷ ಕೊಟ್ಟ ಮಿತಿ ಐದಕ್ಕೆ ಕಡಿಮೆಯಿಲ್ಲ, ಹತ್ತಕ್ಕೆ ಹೆಚ್ಚಿಲ್ಲ. ಎಣಿಕೆ 14 ಅಂತ ಹೋಗಿದ್ದರೆ ಯಾವಾಗ ತಪ್ಪಿಸಿಕೊಂಡಿರಿ ಎಂದು ಅದೇ ತೋರಿಸುತ್ತದೆ.

ಉಸಿರಿನ ತಂಟೆಗೆ ಮಾತ್ರ ಹುಷಾರು. ನಖ್ಶ್‌ಬಂದಿ ಪಂಥದ ಸೂಫಿಗಳು ‘ಲಾ ಇಲಾಹ ಇಲ್ಲಲ್ಲಾಹ್’ (ಅಲ್ಲಾಹನಲ್ಲದೆ ಬೇರೆ ದೇವರಿಲ್ಲ) ಎಂಬುದನ್ನು ಜಪಿಸುವಾಗ ಉಸಿರು ಹಿಡಿದು ‘ಲಾ’ವನ್ನು ಹೊಕ್ಕುಳಿನಿಂದ ಮೇಲೆಳೆದು, ‘ಇಲಾಹ’ವನ್ನು ಬಲ ಭುಜಕ್ಕೆ ತಂದು, ‘ಇಲ್ಲಲ್ಲಾಹ್’ ಎಂದು ಎದೆಯ ಎಡಭಾಗಕ್ಕೆ ಬಡಿಯುತ್ತಾರೆ, ಅದೂ ಬೆಸ ಸಂಖ್ಯೆಯಲ್ಲಿ. ಅಥೋಸಿನವರು ಗಿಡ್ಡ ಮಣೆಯ ಮೇಲೆ ಗದ್ದ ಎದೆಗೆ ತಾಗುವಂತೆ ಬಾಗಿ ಕೂರುತ್ತಿದ್ದರು. ಬರ್ಲಾಮ್ ಎಂಬ ಪಂಡಿತ ಇವರನ್ನು ‘ಹೊಕ್ಕುಳಲ್ಲಿ ಆತ್ಮ ಇಟ್ಟುಕೊಂಡವರು’ ಎಂದು ಗೇಲಿ ಮಾಡಿದ. ಅಥೋಸಿನದೇ ಸನ್ಯಾಸಿ ಗ್ರೆಗೊರಿ ಪಾಲಮಾಸ್ ಇವರ ಪರ ವಾದಿಸಿ 1341ರ ಚರ್ಚ್ ಸಭೆಯಲ್ಲಿ ಗೆದ್ದರು. ಇವೆಲ್ಲ ಗುರುವಿನ ಎದುರು ಕೂತು ಕಲಿಯುವ ವಿದ್ಯೆಗಳು. ಓದಿಕೊಂಡು ಮಾಡಿದವರು ಬೇಗ ಬೇಗ ಉಸಿರಾಡಿ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿಸಿಕೊಳ್ಳುತ್ತಾರೆ. ತುಟಿ, ಬೆರಳ ತುದಿ ಜುಮುಗುಟ್ಟುತ್ತವೆ, ತಲೆ ತೇಲುತ್ತದೆ, ಕುಂಡಲಿನಿ ಎದ್ದಿತು ಎಂದು ಸಂಭ್ರಮ. ಉಸಿರನ್ನು ಅದರ ಪಾಡಿಗೆ ಬಿಟ್ಟು, ನಾಮವನ್ನು ಅದರ ಬೆನ್ನಿಗೆ ಹತ್ತಿಸಬೇಕು.

ಇನ್ನೊಂದು ತಪ್ಪು ಹಣೆ ಬಿಗಿಹಿಡಿಯುವುದು. ಹುಬ್ಬಿನ ನಡುವೆ ನೋವು, ತಲೆ ಬಿಸಿ, ಕಾಲು ತಣ್ಣಗೆ. ಜೆನ್ ಗುರು ಹಕುಯಿನ್ (1686–1769) ತಮ್ಮ ಕಾಯಿಲೆಯನ್ನು ಬಹುತೇಕ ಹೀಗೇ ವರ್ಣಿಸಿದ್ದಾರೆ: ಕಾಲುಗಳು ಮಂಜಿನಲ್ಲಿಟ್ಟಂತೆ, ಕಿವಿಯಲ್ಲಿ ಹೊಳೆಯ ಸದ್ದು. ಅವರು ಹೇಳುವ ಉಪಾಯ ಈಗಲೂ ಕೆಲಸಕ್ಕೆ ಬರುತ್ತದೆ. ಬಾತುಕೋಳಿ ಮೊಟ್ಟೆಯಷ್ಟು ಮೆತ್ತನೆಯ ಬೆಣ್ಣೆ ನೆತ್ತಿಯ ಮೇಲಿದೆ ಎಂದು ಭಾವಿಸಿ. ಅದು ಕರಗಿ ಹಣೆ, ಭುಜ, ಎದೆ, ಹೊಟ್ಟೆ, ತೊಡೆ ಹಾದು ಅಂಗಾಲಿನವರೆಗೆ ನಿಧಾನ ಇಳಿಯಲಿ. ಭುಜದ ಹತ್ತಿರ ಅವಸರ ಮಾಡಬೇಡಿ, ಬಿಗಿತ ಇರುವುದು ಅಲ್ಲೇ. ಐದು ನಿಮಿಷಕ್ಕೆ ದವಡೆ ಸಡಿಲಾಗುತ್ತದೆ.

ಬಣ್ಣ, ಬೆಳಕು, ದನಿ ಬಂದರೆ? ಜೆನ್ ಅದನ್ನು ‘ಮಕ್ಯೊ’ ಅಂದರೆ ಭ್ರಮೆ ಎಂದು ಕರೆದು ಮುಂದೆ ಸಾಗುತ್ತದೆ. ಆರ್ಥೊಡಾಕ್ಸ್ ಹಿರಿಯರು ನಂಬಬೇಡ, ಗುರುವಿಗೆ ಹೇಳು ಎನ್ನುತ್ತಾರೆ. ನಿದ್ದೆಗೆಟ್ಟು, ಉಪವಾಸ ಕೂತು ಇವನ್ನು ಬರಿಸಿಕೊಳ್ಳುವುದು ಕೆಟ್ಟ ಚಟ. ದನಿಗಳು ಆಜ್ಞೆ ಕೊಡತೊಡಗಿದರೆ, ದಿನಗಟ್ಟಲೆ ನಿದ್ದೆ ಬಾರದಿದ್ದರೆ ಜಪ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು.

ಏನೂ ಆಗದ ತಿಂಗಳುಗಳದ್ದೇ ದೊಡ್ಡ ಪಾಲು. ಸ್ಪೇನಿನ ಕ್ರೈಸ್ತ ಸನ್ಯಾಸಿನಿ ಆವಿಲಾದ ತೆರೇಸಾ (1515–1582) ಪ್ರಾರ್ಥನೆಯನ್ನು ತೋಟಕ್ಕೆ ನೀರು ಹಾಯಿಸುವ ನಾಲ್ಕು ಬಗೆಗೆ ಹೋಲಿಸಿದರು: ಬಾವಿಯಿಂದ ಸೇದುವುದು, ರಾಟೆ ತಿರುಗಿಸುವುದು, ಹೊಳೆಯಿಂದ ಹರಿಸುವುದು, ಮಳೆ. ಮಾಲೆ, ಎಣಿಕೆ, ಗಡಿಯಾರ ಎಲ್ಲ ಹಗ್ಗ ಮತ್ತು ಕೊಡ. ಮಳೆ ತರಿಸುವ ತಂತ್ರ ಅವರೂ ಹೇಳಿಲ್ಲ. ಆದರೆ ಮಳೆ ಸುರಿಯುತ್ತಿರುವಾಗ ಸೇದುತ್ತ ನಿಲ್ಲುವವರಿದ್ದಾರೆ: ನಾಮ ತಾನಾಗಿ ನಿಂತು ಒಳಗೆ ಸದ್ದಡಗಿದಾಗ ಸುತ್ತು ಪೂರ್ತಿ ಮಾಡಲೆಂದು ಬಲವಂತವಾಗಿ ಮಣಿ ಎಳೆಯುತ್ತಾರೆ. ಆಗ ಮಣಿ ಎಲ್ಲಿದೆಯೋ ಅಲ್ಲೇ ಬೆರಳಲ್ಲಿ ಹಿಡಿದು ಸುಮ್ಮನಿರಿ. ಮೊದಲ ಯೋಚನೆ ಬಂದ ಕೂಡಲೇ ಅದೇ ಮಣಿಯಿಂದ ಮುಂದುವರಿಸಿ.